ಲಂಗೋಟಿಗಿಂತ ಮುಂಚೆ ತಂತಿ ಅಳೆಯಿರಿ

ಬಟ್ಟೆ ನ್ಯಾಪಿಯೇ ಕಟ್ಟೋಣ ಎಂದು ತೀರ್ಮಾನ ಮಾಡಿದ ಮನೆಯವರು ಮೊದಲು ಮಾಡುವ ಕೆಲಸ ಖರೀದಿ. ಮೊಬೈಲಿನಲ್ಲಿ ಆನೆ, ಅನಾನಸು, ಮೋಡದ ಚಿತ್ರವಿರುವ ಕವರುಗಳು (ಲಂಗೋಟಿಯ ಮೇಲೆ ತೊಡಿಸುವ, ನೀರು ಸೋರದ ಚಡ್ಡಿಗಳು) ಸಾಲುಸಾಲಾಗಿ ಕಾಣುತ್ತವೆ; ಆರರ ಒಂದು ಸೆಟ್ಟು ತರಿಸುತ್ತಾರೆ. ಮಗು ಹುಟ್ಟಿ ಮೂರು ವಾರ ಕಳೆಯುವ ಹೊತ್ತಿಗೆ ಆ ಸೆಟ್ಟು ಬೀರು ಸೇರಿ, ಬಿಸಾಡುವ ಡಯಾಪರಿನ ಪ್ಯಾಕೆಟ್ಟು ಮಂಚದ ಪಕ್ಕಕ್ಕೆ ಬಂದಿರುತ್ತದೆ. ಕೇಳಿದರೆ "ಸೋರತ್ತೆ ಕಣ್ರೀ, ಒಣಗಲ್ಲ, ವಾಸನೆ ಬೇರೆ" ಅನ್ನುತ್ತಾರೆ. ಮೂರೂ ನಿಜವೇ. ನೀರು, ಸೋಪು, ಬಿಸಿಲು, ಒಗೆಯುವ ಕೈ ಇಷ್ಟರ ಲೆಕ್ಕ ಹಾಕದೆ ಬಟ್ಟೆ ಕೊಂಡರೆ ಈ ಮೂರೂ ಬಂದೇ ಬರುತ್ತವೆ. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಒಂದು ಟೇಪು ಹಿಡಿದು ಮಹಡಿ ಹತ್ತಿ ತಂತಿ ಅಳೆಯುವುದು ಮೇಲು.

ಲೆಕ್ಕ ಹೀಗೆ. ಎಳೆ ಮಗುವಿಗೆ ಮೊದಲ ತಿಂಗಳು ದಿನಕ್ಕೆ ಹತ್ತು ಹನ್ನೆರಡು ಸಲವಾದರೂ ಬಟ್ಟೆ ಬದಲಾಯಿಸಬೇಕಾಗುತ್ತದೆ. ಕೆಲವೊಮ್ಮೆ ಬಿಚ್ಚಿದ ಕ್ಷಣಕ್ಕೇ ಇನ್ನೊಂದು ನೆನೆಯುತ್ತದೆ. ದಿನಕ್ಕೆ ಹದಿನೈದು ಎಂದಿಟ್ಟುಕೊಳ್ಳಿ. ಲಂಗೋಟಿಗೆ ಕತ್ತರಿಸಿದ ಒಂದೊಂದು ಚೌಕ ಬಟ್ಟೆಯ ಅಗಲ 60 ಸೆಂಟಿಮೀಟರ್. ಒಂದರ ಮೇಲೊಂದು ಬೀಳದಂತೆ ಹಾಕಲು 9 ಮೀಟರ್ ತಂತಿ ಬೇಕು. ಮೈಸೂರಿನ ಬಡಾವಣೆಗಳ ಥರ್ಟಿ ಫಾರ್ಟಿ ಸೈಟಿನಲ್ಲಿ ಮಹಡಿಯ ಅಡ್ಡಕ್ಕೆ ಕಟ್ಟಿದ ಒಂದು ತಂತಿ ಸುಮಾರು 30 ಅಡಿ, ಅಂದರೆ ಹೆಚ್ಚುಕಡಿಮೆ ಇಷ್ಟೇ. ಒಂದು ದಿನದ ಲಂಗೋಟಿಗೆ ಒಂದು ಪೂರ್ತಿ ತಂತಿ! ಮನೆಯವರ ಬಟ್ಟೆಗೆ ಇನ್ನೊಂದು ಬೇಕು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಹಗ್ಗ ಎಳೆದು ಇಳಿಸುವ ಆರು ಸರಳಿನ ಹ್ಯಾಂಗರ್ ಇದ್ದರೆ, ಐದಡಿಯ ಒಂದೊಂದು ಸರಳಿಗೆ ಎರಡರಂತೆ ಹನ್ನೆರಡು ಹಿಡಿಯುತ್ತದೆ. ಮಿಕ್ಕಿದ್ದಕ್ಕೆ ಮಡಚುವ ಸ್ಟ್ಯಾಂಡು ಬೇಕಾಗುತ್ತದೆ.

ಮಗು ಯಾವ ತಿಂಗಳಲ್ಲಿ ಬರುತ್ತದೆ ಅನ್ನುವುದೂ ಲೆಕ್ಕಕ್ಕೆ ಸೇರಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ತೆಳು ಕಾಟನ್ ಬಟ್ಟೆ ಒಂದೆರಡು ಗಂಟೆಯಲ್ಲಿ ಗರಿಗರಿಯಾಗುತ್ತದೆ. ಮೇ ತಿಂಗಳಲ್ಲಿ ಬೆಳಗ್ಗೆ ಬಿಸಿಲು, ಸಂಜೆ ಗುಡುಗು. ಹನ್ನೊಂದು ಗಂಟೆಯೊಳಗೆ ತಂತಿಗೆ ಬಿದ್ದದ್ದು ಬದುಕಿತು. ಆಷಾಢದಲ್ಲಿ ಬಿಸಿಲು ಕಡಿಮೆ, ಜಿಟಿಜಿಟಿ ಹನಿ, ಆದರೆ ಗಾಳಿ ಜೋರು. ಚಾವಣಿ ಇರುವ, ಗಾಳಿ ಆಡುವ ಜಾಗವಿದ್ದರೆ ಮೋಡದಲ್ಲೂ ತೆಳು ಬಟ್ಟೆ ಒಣಗುತ್ತದೆ, ದಪ್ಪದ್ದು ಒಣಗುವುದಿಲ್ಲ. ನಮ್ಮ ಕಡೆ ಅಕ್ಟೋಬರ್ ಮಳೆಯೂ ಜೋರೇ. ಹಾಗಾಗಿ ಬೇಸಿಗೆಯ ಮಗುವಿಗೆ ಎರಡು ದಿನಕ್ಕಾಗುವಷ್ಟು, ಸುಮಾರು 30 ಚೌಕ ಸಾಕು. ಮಳೆಗಾಲದ ಮಗುವಿಗೆ ಮೂರು ದಿನದ್ದು, 45 ಬೇಕು. ಇಷ್ಟು ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಇದರಲ್ಲಿ ಮುಕ್ಕಾಲು ಪಾಲು ಮನೆಯ ಹಳೇ ಪೆಟ್ಟಿಗೆಯಲ್ಲೇ ಇದೆ.

ಹುಟ್ಟಿದ ಮಗುವಿಗೆ ನಾಮಕರಣದವರೆಗೆ ಹೊಸ ಬಟ್ಟೆ ಹಾಕಬಾರದು, ಹಳೆಯದೇ ಆಗಬೇಕು ಎನ್ನುವ ರೂಢಿ ಅನೇಕ ಮನೆಗಳಲ್ಲಿದೆ. ನಂಬಿಕೆಯ ಮಾತು ಹಾಗಿರಲಿ, ಬಟ್ಟೆಯ ಮಟ್ಟಿಗೆ ಅದು ಸರಿಯಾದ ಮಾತು. ಹೊಸ ಕಾಟನ್ನಿನಲ್ಲಿ ಮಗ್ಗದ ಗಂಜಿ ಇರುತ್ತದೆ, ಹತ್ತಿಯ ಸಹಜ ಮೇಣ ಮತ್ತು ಎಣ್ಣೆಯಂಶವೂ ಇರುತ್ತದೆ. ಇವು ನೀರು ಬೇಗ ಇಂಗದಂತೆ ತಡೆಯುತ್ತವೆ. ನೂರು ಸಲ ಒಗೆದ ಸೀರೆಯಲ್ಲಿ ಅವು ಎಂದೋ ಹೋಗಿವೆ. ನೂಲು ಸಡಿಲಾಗಿದೆ, ಮೆತ್ತಗಾಗಿದೆ, ಹನಿ ಬಿದ್ದ ಕೂಡಲೇ ಹೀರುತ್ತದೆ. ಪರೀಕ್ಷೆಯೂ ಸುಲಭ. ಬಟ್ಟೆಯ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಡಿ. ತಕ್ಷಣ ಇಂಗಿದರೆ ಲಂಗೋಟಿಗೆ ಆಗುತ್ತದೆ. ಮುತ್ತಿನಂತೆ ನಿಂತರೆ ಇಲ್ಲ. ಕಾಟನ್ ಹೌದೋ, ಪಾಲಿಯೆಸ್ಟರ್ ಬೆರೆತಿದೆಯೋ ಎಂಬ ಅನುಮಾನವಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಐದೂವರೆ ಮೀಟರಿನ ಹಳೇ ಕಾಟನ್ ಸೀರೆಯಲ್ಲಿ ಸೆರಗು, ಜರಿ ಅಂಚು, ಸವೆದ ಭಾಗ ತೆಗೆದರೆ ಐದು ಮೀಟರಿನಷ್ಟು ಉಳಿಯುತ್ತದೆ. ಅಗಲಕ್ಕೆ ಎರಡು, ಉದ್ದಕ್ಕೆ ಎಂಟು, ಒಟ್ಟು ಹದಿನಾರು ಚೌಕ. ಎಂಟು ಮೊಳದ ಪಂಚೆಯಲ್ಲಿ ಹನ್ನೆರಡು. ಕತ್ತರಿಸಿದ ಅಂಚಿಗೆ ಒಂದು ಮಡಿಕೆ ಹೊಲಿಗೆ ಹಾಕಿಸಿ; ಇಲ್ಲದಿದ್ದರೆ ಬಿಟ್ಟುಕೊಂಡ ಎಳೆಗಳು ಮಗುವಿನ ಕಾಲ್ಬೆರಳಿಗೆ, ಗಂಡು ಮಗುವಾದರೆ ಇನ್ನೂ ಸೂಕ್ಷ್ಮವಾದ ಜಾಗಕ್ಕೆ ಸುತ್ತಿಕೊಂಡು ರಕ್ತ ನಿಲ್ಲಿಸಬಹುದು. ಇದು ಅಪರೂಪ, ಆದರೆ ಕಾರಣ ಕಾಣದೆ ಒಂದೇ ಸಮನೆ ಅಳುವ ಮಗುವಿನ ಬೆರಳು ನೋಡುವುದನ್ನು ಮರೆಯಬಾರದು. ಸೀರೆಯ ಒಂದು ಪದರ ತೆಳು. ಎರಡು ಚೌಕವನ್ನು ಬಿಡಿಬಿಡಿಯಾಗಿ ಒಂದರ ಮೇಲೊಂದು ಇಟ್ಟು ಮಡಚಿ; ಹೀಗೆ ಸಲಕ್ಕೆ ಎರಡು ಬಳಸಿದರೆ ಚೌಕವೂ ತಂತಿಯೂ ಮೇಲಿನ ಲೆಕ್ಕದ ಎರಡರಷ್ಟು ಬೇಕು. ಸೇರಿಸಿ ಹೊಲಿದರೆ ಒಣಗುವ ಹೊತ್ತು ದುಪ್ಪಟ್ಟಾಗುತ್ತದೆ.

ಹೊಸದೇ ಬೇಕೆಂದರೆ ಮೈಸೂರಿನ ಸಂತೆಪೇಟೆ, ಮಂಡ್ಯದ ಪೇಟೆ ಬೀದಿಯಂಥ ಕಡೆ ಮೀಟರಿನ ಲೆಕ್ಕದಲ್ಲಿ ತೆಳುವಾದ ಮಲ್ ಬಟ್ಟೆ, ಚಲುವೆ ಮಾಡದ ಕೋರಾ ಬಟ್ಟೆ ಕೇಳಿ. ಒಗೆದಾಗ ಕುಗ್ಗುವುದರಿಂದ 65 ಸೆಂಟಿಮೀಟರಿಗೆ ಕತ್ತರಿಸಬೇಕು. ಮೇಲುಕೋಟೆ ಅಥವಾ ಬದನವಾಳಿನ ಖಾದಿ ಚೆನ್ನಾಗಿ ಹೀರುತ್ತದೆ, ಆದರೆ ಮೊದಮೊದಲು ಒರಟು, ಒಣಗಲೂ ನಿಧಾನ. ಎಳೆ ಚರ್ಮಕ್ಕೆ ನೇರವಾಗಿ ತಾಗಿಸದೆ, ಒಳಗಿಡುವ ಪಟ್ಟಿಗೆ ಬಳಸಬಹುದು. ಹೊಸ ಬಟ್ಟೆ ಯಾವುದಾದರೂ ಒಂದು ರಾತ್ರಿ ಬಿಸಿನೀರಿನಲ್ಲಿ ನೆನೆಸಿ, ಸೋಪಿನ ಪುಡಿ ಹಾಕಿ ನಾಲ್ಕೈದು ಸಲ ಒಗೆದು ಒಣಗಿಸಿದ ಮೇಲೆ ಹನಿ ಪರೀಕ್ಷೆ ಮಾಡಿ. ಏಳನೇ ತಿಂಗಳಲ್ಲೇ ಈ ಕೆಲಸ ಮುಗಿಸಿಟ್ಟರೆ ಒಳ್ಳೆಯದು. ಹೆರಿಗೆ ಆದಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಮೊದಲ ಹತ್ತು ದಿನ ಕವರಿನ ಗೋಜೇ ಬೇಡ. ಲಂಗೋಟಿ, ಕೆಳಗೆ ರಬ್ಬರ್ ಶೀಟು, ಅದರ ಮೇಲೊಂದು ದಪ್ಪ ಬಟ್ಟೆ, ಅಷ್ಟೇ. ಮೊದಲ ಎರಡು ಮೂರು ದಿನದ ಕಕ್ಕ ಕಪ್ಪು ಹಸಿರಿನ ಅಂಟು, ಟಾರಿನ ಹಾಗೆ. ಅದಕ್ಕೆ ತೀರ ಸವೆದ ತುಂಡುಗಳನ್ನು ಇಡಿ. ಒಗೆಯಲು ಒದ್ದಾಡದೆ ಬಿಸಾಡಬಹುದು. ಮಗುವಿನ ಕುಂಡೆಗೆ ಮುಂಚೆಯೇ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದ್ದರೆ ಒರೆಸಲು ಸಲೀಸು. ಹೊಕ್ಕುಳಬಳ್ಳಿ ಬೀಳಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಲಂಗೋಟಿಯ ಮುಂಭಾಗ ಹೊಕ್ಕುಳಿಗಿಂತ ಕೆಳಗೇ ಮಡಚಿರಬೇಕು. ಬಳ್ಳಿ ಒದ್ದೆಯಾಗಬಾರದು, ಗಾಳಿ ಆಡಬೇಕು.

ಬಟ್ಟೆಯ ಒಂದು ದೊಡ್ಡ ಉಪಕಾರ ಈ ದಿನಗಳಲ್ಲೇ ಸಿಗುತ್ತದೆ: ಮಗು ಎಷ್ಟು ಸಲ ಉಚ್ಚೆ ಮಾಡಿತು ಎಂದು ಎಣಿಸಬಹುದು. ಮೊದಲ ದಿನ ಒಂದು, ಎರಡನೇ ದಿನ ಎರಡು, ಮೂರನೇ ದಿನ ಮೂರು, ಹೀಗೆ ಏರುತ್ತಾ ಐದಾರನೇ ದಿನದ ಹೊತ್ತಿಗೆ 24 ಗಂಟೆಯಲ್ಲಿ ಕನಿಷ್ಠ ಆರು ಒದ್ದೆ ಬಟ್ಟೆ ಬರಬೇಕು. ತಾಯಿಯ ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಮನೆಯಲ್ಲಿ ಸಿಗುವ ಲೆಕ್ಕ ಇದು. ಬಿಸಾಡುವ ಡಯಾಪರಿನೊಳಗಿನ ಪುಡಿ, ಸೋಡಿಯಂ ಪಾಲಿಅಕ್ರಿಲೇಟ್, ಮೂರು ನಾಲ್ಕು ಸಲದ್ದನ್ನೂ ನುಂಗಿ ಒಣಗಿದಂತೆ ಕಾಣುವುದರಿಂದ ಅಲ್ಲಿ ಈ ಎಣಿಕೆ ತಪ್ಪುತ್ತದೆ. ಮೊದಲೆರಡು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕೆಂಪು ಕಲೆ ಕಂಡರೆ ಅದು ಬಹುತೇಕ ಉಚ್ಚೆಯಲ್ಲಿರುವ ಯೂರೇಟ್ ಎಂಬ ಲವಣದ ಹರಳು. ಹಾಲು ಹೆಚ್ಚಿದ ಹಾಗೆ ಹೋಗುತ್ತದೆ. ಐದನೇ ದಿನವೂ ಬರುತ್ತಿದ್ದರೆ, ಅಥವಾ ಒದ್ದೆ ಬಟ್ಟೆಗಳು ಆರು ಮುಟ್ಟದಿದ್ದರೆ, ಅಂದೇ ಡಾಕ್ಟರಿಗೆ ತೋರಿಸಬೇಕು.

ಕಟ್ಟುವ ಬಗೆ ಒಂದು ಗೊತ್ತಿದ್ದರೆ ಸಾಕು. ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ, ಉದ್ದದ ಬದಿ ಮೇಲೆ, ತುದಿ ಕೆಳಗೆ ಬರುವಂತೆ ಹಾಸಿ. ಇನ್ನೊಂದು ಚೌಕವನ್ನು ನಾಲ್ಕು ಬೆರಳಗಲದ ಪಟ್ಟಿಯಾಗಿ ಮಡಚಿ ಮಧ್ಯಕ್ಕೆ ಉದ್ದವಾಗಿ ಇಡಿ. ಹೆಣ್ಣು ಮಗುವಿಗೆ ಪಟ್ಟಿಯ ದಪ್ಪ ನಡುವಿನಲ್ಲೂ ಹಿಂದಕ್ಕೂ ಇರಲಿ, ಗಂಡಿಗೆ ಮುಂದಕ್ಕಿರಲಿ. ಉದ್ದದ ಬದಿ ಸೊಂಟದ ಮಟ್ಟಕ್ಕೆ ಬರುವಂತೆ ಮಗುವನ್ನು ಮಲಗಿಸಿ, ಕೆಳಗಿನ ತುದಿಯನ್ನು ಕಾಲುಗಳ ನಡುವಿನಿಂದ ಮೇಲಕ್ಕೆ ತಂದು, ಎಡಬಲದ ತುದಿಗಳನ್ನು ಅದರ ಮೇಲೆ ಸೇರಿಸಿ ಗಂಟು ಹಾಕಿ ಅಥವಾ ಪಿನ್ನು ಚುಚ್ಚಿ. ಪಿನ್ನು ಚುಚ್ಚುವಾಗ ನಿಮ್ಮ ಎರಡು ಬೆರಳು ಬಟ್ಟೆ ಮತ್ತು ಮಗುವಿನ ಹೊಟ್ಟೆಯ ನಡುವೆ ಇರಲೇಬೇಕು. ಚುಚ್ಚಿದರೆ ನಿಮಗೇ ಚುಚ್ಚಲಿ. ಅಷ್ಟೇ ಸಡಿಲ ಕಟ್ಟಿದ ಮೇಲೂ ಇರಬೇಕು. ಗಂಡು ಮಗುವಿನದ್ದು ಕೆಳಮುಖವಾಗಿ ಇಟ್ಟು ಕಟ್ಟದಿದ್ದರೆ ಉಚ್ಚೆಯೆಲ್ಲ ಹೊಕ್ಕುಳಿನ ಕಡೆಯಿಂದ ಹೊರಬರುತ್ತದೆ. ಹೊಟ್ಟೆಯ ಮೇಲಿನ ಅಂಗಿ ಮಾತ್ರ ನೆನೆಯುತ್ತಿದ್ದರೆ ಬೇರೆ ಕಾರಣ ಹುಡುಕಬೇಡಿ.

ತೊಡೆಗಳ ನಡುವೆ ಬಟ್ಟೆ ದಪ್ಪವಾದರೆ ಕಾಲು ಸೊಟ್ಟಗಾಗುತ್ತದೆ ಎನ್ನುವ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ವಾಸ್ತವ ಇದಕ್ಕೆ ತಿರುಗುಮುರುಗು. ಎಳೆ ಮಗುವಿನ ಸೊಂಟದ ಕೀಲು ಗಟ್ಟಿಯಾಗುವ ತಿಂಗಳುಗಳಲ್ಲಿ ಕಾಲುಗಳು ಕಪ್ಪೆಯಂತೆ ಮಡಚಿ ಅಗಲವಾಗಿರುವುದೇ ಒಳ್ಳೆಯದು. ನೇರ ಮಾಡಿ ಬಿಗಿಯಾಗಿ ಸುತ್ತುವುದು ಕೀಲು ಜಾರಲು ಕಾರಣವಾಗಬಹುದು. ಹಾಗಾಗಿ ಲಂಗೋಟಿ ಕಟ್ಟಿ, ಮೇಲೆ ದುಪ್ಪಟಿ ಸುತ್ತುವಾಗಲೂ ಸೊಂಟದಿಂದ ಕೆಳಗೆ ಸಡಿಲ ಬಿಡಿ.

ಇನ್ನು ಕವರು. ಇಂದಿನ ಕವರುಗಳು ಪಿಯುಎಲ್ ಎಂಬ ಬಟ್ಟೆಯವು: ಪಾಲಿಯೆಸ್ಟರ್ ಬಟ್ಟೆಗೆ ಪಾಲಿಯುರಥೇನಿನ ತೆಳು ಪೊರೆ ಅಂಟಿಸಿದ್ದು. ನೀರು ಹೊರಗೆ ಬಿಡುವುದಿಲ್ಲ, ರಬ್ಬರಿನಷ್ಟು ಬೆವರಿಸುವುದೂ ಇಲ್ಲ. ನೀರು ಸೋರದ ಕವರಿನ ಕತೆಯಲ್ಲಿ ಅಮೆರಿಕದ ಮ್ಯಾರಿಯನ್ ಡಾನವನ್ ಎಂಬಾಕೆಯ ಹೆಸರು ಮುಖ್ಯ. ಬಚ್ಚಲಿನ ಪ್ಲಾಸ್ಟಿಕ್ ಪರದೆಯನ್ನು ಕತ್ತರಿಸಿ ಹೊಲಿದು ಶುರುಮಾಡಿ, ಆಮೇಲೆ ಪ್ಯಾರಾಚೂಟಿನ ನೈಲಾನ್ ಬಳಸಿ, 1951ರಲ್ಲಿ ಪೇಟೆಂಟ್ ಪಡೆದರು. ನಮ್ಮ ಅಂಗಡಿಗಳಲ್ಲಿ ಈಗಲೂ ಸಿಗುವ ಪ್ಲಾಸ್ಟಿಕ್ ಚಡ್ಡಿ ಅದಕ್ಕಿಂತ ಕೀಳು. ಬೇಸಿಗೆಯ ಮಂಡ್ಯದಲ್ಲಿ ಅದನ್ನು ಹಾಕಿದರೆ ಅರ್ಧ ದಿನದಲ್ಲಿ ತೊಡೆಸಂದು ಕೆಂಪಾಗುತ್ತದೆ.

"ಹುಟ್ಟಿದಾಗಿನಿಂದ ಮೂರು ವರ್ಷದವರೆಗೆ ಒಂದೇ ಸೈಜು" ಎಂದು ಬರೆದಿರುವ ಕವರನ್ನು ಪೂರ್ತಿ ನಂಬಬೇಡಿ. ನಮ್ಮಲ್ಲಿ ಬಹಳಷ್ಟು ಮಕ್ಕಳು ಹುಟ್ಟುವುದು 2.5ರಿಂದ 3 ಕೆ.ಜಿ. ಒಳಗೆ. ಟಿಚ್ ಬಟನ್ನುಗಳನ್ನು ಎಷ್ಟು ಚಿಕ್ಕದಾಗಿ ಹಾಕಿದರೂ ಸಣ್ಣ ತೊಡೆಯ ಸುತ್ತ ಸಂದು ಉಳಿಯುತ್ತದೆ, ಸೋರುತ್ತದೆ. ಇಂಥ ಒಂದೇ ಸೈಜಿನ ಕವರಿಗೆ ಮಗು 4 ಕೆ.ಜಿ. ದಾಟುವವರೆಗೆ ಕಾಯಿರಿ. ಎಲಾಸ್ಟಿಕ್ ಕೂರಬೇಕಾದ್ದು ತೊಡೆಯ ಮೇಲಲ್ಲ, ತೊಡೆ ಸೊಂಟ ಸೇರುವ ಗೆರೆಯಲ್ಲಿ, ಚಡ್ಡಿಯ ಅಂಚು ಕೂರುವ ಜಾಗದಲ್ಲಿ. ಒಳಗಿನ ಬಟ್ಟೆಯ ಒಂದು ಎಳೆಯೂ ಹೊರಗೆ ಇಣುಕಬಾರದು. ಇಣುಕಿದರೆ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅದು ಉಚ್ಚೆಯನ್ನು ಅಂಗಿಗೆ ಎಳೆದು ಹಾಕುತ್ತದೆ. ಕವರು ಐದಾರು ಸಾಕು. ಬರೀ ಒದ್ದೆಯಾಗಿದ್ದರೆ ಒಳಭಾಗ ಒರೆಸಿ ಗಾಳಿಗೆ ಹಾಕಿ, ಇನ್ನೊಂದನ್ನು ಬಳಸಿ, ಮತ್ತೆ ಮೊದಲಿನದಕ್ಕೆ ಬರಬಹುದು. ಕಕ್ಕ ತಾಗಿದರೆ ಮಾತ್ರ ತಕ್ಷಣ ಒಗೆತಕ್ಕೆ.

ಪಾಕೆಟ್ ಡಯಾಪರ್ ಎಂದರೆ ಚೀಲದಂಥ ಕವರಿನೊಳಗೆ ಇನ್ಸರ್ಟ್, ಅಂದರೆ ಹೀರುವ ಪಟ್ಟಿ, ತುರುಕುವುದು. ಆಲ್ ಇನ್ ಒನ್ ಎಂದರೆ ಹೀರುವ ಪದರವನ್ನು ಕವರಿಗೇ ಹೊಲಿದಿರುವುದು. ಎರಡನೆಯದು ಹಾಕಲು ಸುಲಭ, ಆದರೆ ಜುಲೈ ತಿಂಗಳಲ್ಲಿ ಎರಡು ದಿನವಾದರೂ ಹೊಲಿಗೆಯ ಒಳಗೆ ಹಸಿ ಉಳಿದಿರುತ್ತದೆ. ಅಲ್ಲೇ ವಾಸನೆ ಶುರು. ನನ್ನ ಮಟ್ಟಿಗೆ ನಮ್ಮ ಹವೆಗೆ ಅದು ಹೊಂದದ ಸಾಮಾನು. ಮನೆಯಲ್ಲಿ ಚೌಕ ಮತ್ತು ಕವರು, ಚುಚ್ಚುಮದ್ದಿಗೆ ಆಸ್ಪತ್ರೆಗೋ, ಬಸ್ಸಿನಲ್ಲಿ ಊರಿಗೋ ಹೋಗುವಾಗ ನಾಲ್ಕು ಪಾಕೆಟ್, ಇಷ್ಟಿದ್ದರೆ ದುಡ್ಡೂ ಉಳಿಯುತ್ತದೆ. ಇನ್ಸರ್ಟಿನಲ್ಲಿ ಮೈಕ್ರೋಫೈಬರ್ (ತೀರ ಸಣ್ಣ ಕೃತಕ ನೂಲಿನ ಬಟ್ಟೆ) ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಆದರೆ ಮಗು ಕೂತರೆ ಸ್ಪಂಜು ಹಿಂಡಿದಂತೆ ಬಿಟ್ಟುಬಿಡುತ್ತದೆ, ಮತ್ತು ಚರ್ಮಕ್ಕೆ ನೇರ ತಾಗಿಸಿದರೆ ಚರ್ಮದ ಪಸೆಯನ್ನೂ ಎಳೆದುಕೊಂಡು ಒರಟು ಮಾಡುತ್ತದೆ. ಕಾಟನ್, ಹೆಂಪ್ (ಸೆಣಬಿನಂಥ ಒಂದು ಗಿಡದ ನಾರು) ನಿಧಾನಕ್ಕೆ ಹೀರಿದರೂ ಹಿಡಿದಿಟ್ಟುಕೊಳ್ಳುತ್ತವೆ. ರಾತ್ರಿಗೆ ಮೇಲೆ ಬೇಗ ಹೀರುವುದು, ಕೆಳಗೆ ಹಿಡಿದಿಡುವುದು ಎಂದು ಎರಡು ಪದರ ಇಟ್ಟರೆ ಆರು ಗಂಟೆ ದೂಡಬಹುದು.

ಒಗೆತದ ವಿಷಯಕ್ಕೆ ಬರೋಣ. ಗೆಲುವು ಸೋಲು ಇಲ್ಲೇ. ಮೊದಲು ನಿಮ್ಮ ನಲ್ಲಿಯಲ್ಲಿ ಬರುವುದು ಎಂಥ ನೀರು ಎಂದು ತಿಳಿಯಬೇಕು. ಕಾವೇರಿ ನೀರು ಬಂದ ದಿನ ಸೋಪು ನೊರೆನೊರೆ, ಬೋರ್ ನೀರು ಬಿಟ್ಟ ದಿನ ಎಷ್ಟು ಉಜ್ಜಿದರೂ ನೊರೆಯಿಲ್ಲ ಎಂಬುದು ಮೈಸೂರಿನ ಹೊರ ಬಡಾವಣೆಗಳವರಿಗೆ ಹೊಸ ಸುದ್ದಿಯಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಾರ್ ಸೋಪಿನ ಜೊತೆ ಸೇರಿ ಕರಗದ ಬಿಳಿ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಅಂಟುವ ಆ ಗಸಿಯೇ ನೂಲಿನ ಸಂದಿಗೂ ಸೇರುತ್ತದೆ. ಬಟ್ಟೆ ಹಲಗೆಯಂತಾಗುತ್ತದೆ, ಹೀರುವುದನ್ನು ನಿಲ್ಲಿಸುತ್ತದೆ, ಗಸಿಯೊಳಗೆ ಉಚ್ಚೆಯ ಅಂಶ ಉಳಿದು ನಾರುತ್ತದೆ. ಪರೀಕ್ಷಿಸಬೇಕೆಂದರೆ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಬಾರ್ ಸೋಪಿನ ನಾಲ್ಕು ತುರಿ ಹಾಕಿ ಕುಲುಕಿ ನೋಡಿ. ನೊರೆ ನಿಂತರೆ ಮೆದು ನೀರು. ನೊರೆಯಿಲ್ಲದೆ ಮೊಸರೊಡೆದಂತಾದರೆ ಗಡಸು. ಗಡಸಾದರೆ ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಪುಡಿಗೆ ಬನ್ನಿ, ಬಕೆಟ್ಟಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಸೇರಿಸಿ. ಅದು ಲವಣಗಳನ್ನು ಹಿಡಿದು ಸೋಪಿಗೆ ದಾರಿ ಬಿಡುತ್ತದೆ. ಕೈಯಿಗೆ ಉರಿ, ಮಕ್ಕಳ ಬಾಯಿಗಂತೂ ಅಪಾಯ, ಎತ್ತರದ ಗೂಡಿನಲ್ಲಿಡಿ. ಮನೆಗೆ ಎರಡೂ ನೀರು ಬರುವುದಾದರೆ ಕೊನೆಯ ಜಾಲಿಸುವಿಕೆಗಾದರೂ ಕಾವೇರಿ ನೀರು ಉಳಿಸಿ.

ಕ್ರಮ ಇಷ್ಟು. ಕಕ್ಕ ಆದದ್ದನ್ನು ಆಗಲೇ ಟಾಯ್ಲೆಟ್ಟಿನ ಮೇಲೆ ಹಿಡಿದು ಜೆಟ್ ಸ್ಪ್ರೇಯಿಂದ ತಣ್ಣೀರು ಹೊಡೆಯಿರಿ. ಮೊದಲೇ ಬಿಸಿನೀರು ಬಿದ್ದರೆ ಕಲೆ ಬೆಂದು ಕೂರುತ್ತದೆ. ಉಚ್ಚೆಯದ್ದನ್ನು ಒಂದು ಸಲ ಜಾಲಿಸಿ ಹಿಂಡಿ, ನೀರಿಲ್ಲದ, ತೂತಿರುವ ಬುಟ್ಟಿಗೆ ಹಾಕಿ. ಮುಚ್ಚಳ ಹಾಕಿದ ನೀರಿನ ಬಕೆಟ್ಟಿನಲ್ಲಿ ದಿನಗಟ್ಟಲೆ ನೆನೆಸುವ ರೂಢಿ ಬೇಡ: ನೀರು ಕೊಳೆಯುತ್ತದೆ, ಎಲಾಸ್ಟಿಕ್ ಸಾಯುತ್ತದೆ, ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಗೇಣುದ್ದ ನೀರಿನ ಬಕೆಟ್ಟೂ ಪ್ರಾಣಕ್ಕೆ ಎರವು. ದಿನಕ್ಕೊಂದು ಸಲ, ಬೆಳಗ್ಗೆಯೇ, ಇಡೀ ರಾಶಿಯನ್ನು ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ಆ ನೀರು ಚೆಲ್ಲಿ. ಆಮೇಲೆ ಡಿಟರ್ಜೆಂಟ್ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕುಕ್ಕಿ, ನೊರೆ ಪೂರ್ತಿ ಹೋಗುವವರೆಗೆ ಮೂರು ನೀರು ಜಾಲಿಸಿ. ಮೈಸೂರಿನ ಮಹಡಿಗಳ ಮೇಲೆ ಸೋಲಾರ್ ಇದ್ದೇ ಇರುತ್ತದೆ. ಬಿಸಿಲಿನ ದಿನ ಅದರಲ್ಲಿ ಬರುವ ನೀರು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಮೆಶಿನ್ ಆದರೆ ಮೊದಲು ತಣ್ಣೀರಿನ ಒಂದು ಚಿಕ್ಕ ಸುತ್ತು, ಆಮೇಲೆ 60 ಡಿಗ್ರಿಯ ಪೂರ್ತಿ ಸುತ್ತು, ಡ್ರಮ್ಮು ಮುಕ್ಕಾಲಿಗಿಂತ ಹೆಚ್ಚು ತುಂಬದಂತೆ. ಕವರುಗಳಿಗೆ ಮಾತ್ರ 40 ಸಾಕು. ಮಗುವಿನ ಬಟ್ಟೆ ಎಂದು ಪುಡಿಯನ್ನು ಚಿಟಿಕೆಯಷ್ಟು ಹಾಕುವುದು ದೊಡ್ಡ ತಪ್ಪು. ಇವು ಮನೆಯಲ್ಲೇ ಅತಿ ಕೊಳೆಯ ಬಟ್ಟೆಗಳು. ಪ್ಯಾಕೆಟ್ಟಿನ ಮೇಲೆ ಬರೆದಷ್ಟು ಹಾಕಿ, ಚೆನ್ನಾಗಿ ಜಾಲಿಸಿ.

ಅಂಟುವಾಳ, ಸೀಗೆಯ ಮೇಲೆ ನಮಗೆಲ್ಲ ಪ್ರೀತಿ. ಅಂಟುವಾಳದಲ್ಲಿ ನೊರೆ ಬರಿಸುವ ಸ್ಯಾಪೋನಿನ್ ರೇಷ್ಮೆಗೆ, ಚಿನ್ನಕ್ಕೆ ಸೈ. ಕಕ್ಕದ ಬಟ್ಟೆಗೆ ಅದರ ಶಕ್ತಿ ಸಾಲದು. ಘಮಘಮಿಸುವ ಫ್ಯಾಬ್ರಿಕ್ ಕಂಡೀಷನರ್ ನೂಲಿಗೆ ತೆಳು ಲೇಪ ಹಚ್ಚಿ ಹೀರುವ ಗುಣವನ್ನೇ ಕೆಡಿಸುತ್ತದೆ. ದಿನಾ ಡೆಟಾಲ್ ಹಾಕುವುದೂ ಬೇಡದ ಕೆಲಸ. ಜಾಲಿಸಿದ ಮೇಲೂ ಉಳಿದ ಅಂಶ ಎಳೆ ಚರ್ಮಕ್ಕೆ ಉರಿ. ಬಿಸಿನೀರು, ಸೋಪು, ಬಿಸಿಲು ಸಾಕು. ಎದೆಹಾಲಿನ ಕಕ್ಕದ ಹಳದಿ ಕಲೆಗಂತೂ ಬಿಸಿಲಿನಷ್ಟು ಒಳ್ಳೆಯ ಮದ್ದಿಲ್ಲ. ಆ ಬಣ್ಣ ಪಿತ್ತದ ಬಿಲಿರುಬಿನ್‌ನಿಂದ ಬಂದದ್ದು, ಬೆಳಕಿಗೆ ಒಡೆಯುತ್ತದೆ. ಒದ್ದೆಯಿರುವಾಗಲೇ ಕಲೆಯ ಭಾಗ ಸೂರ್ಯನಿಗೆ ಮುಖ ಮಾಡಿ ಹಾಕಿ, ಸಂಜೆಗೆ ಇರುವುದಿಲ್ಲ. ಕವರುಗಳನ್ನು ಮಾತ್ರ ಸುಡುಬಿಸಿಲಿಗೆ ಹಾಕಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಪೊರೆ ಎದ್ದು ಬರುತ್ತದೆ. ಮಳೆಗಾಲದಲ್ಲಿ ಸಾಂಬ್ರಾಣಿ ಕೆಂಡದ ಮೇಲೆ ಬುಟ್ಟಿ ಕವುಚಿ ಲಂಗೋಟಿ ಒಣಗಿಸುವ ಮನೆಗಳಿವೆ. ಆ ಹೊಗೆ ಬಟ್ಟೆಯಿಂದ ಮಗುವಿನ ಮೂಗಿಗೇ ಹೋಗುತ್ತದೆ. ಅದರ ಬದಲು ಫ್ಯಾನಿನ ಕೆಳಗೆ ಸ್ಟ್ಯಾಂಡು ಇಡಿ, ಅರೆ ಒಣಗಿದ ಚೌಕಕ್ಕೆ ಇಸ್ತ್ರಿ ಪೆಟ್ಟಿಗೆ ಆಡಿಸಿ.

ಇನ್ನೊಂದು ವಿಷಯವನ್ನು ಕಂಪನಿಯವರ ಚೀಟಿಗಳು ಅಷ್ಟಾಗಿ ಹೇಳುವುದಿಲ್ಲ, ಏಕೆಂದರೆ ಅವುಗಳನ್ನು ಬರೆದವರ ಊರಿನಲ್ಲಿ ಮಗುವಿಗೆ ಎಣ್ಣೆ ಇಳಿಸಿ ನೀರು ಹಾಕುವ ಪದ್ಧತಿ ಇಲ್ಲದಿರಬಹುದು. ನಮ್ಮಲ್ಲಿ ದಿನಾ ಎಣ್ಣೆ ನೀರು. ಕಡಲೆಹಿಟ್ಟು, ಹೆಸರುಹಿಟ್ಟು ಹಾಕಿ ಉಜ್ಜಿದರೂ ತೊಡೆಸಂದಿನಲ್ಲಿ ಎಣ್ಣೆ ಉಳಿಯುತ್ತದೆ. ಅದು ಬಟ್ಟೆಗೆ ಹತ್ತುತ್ತದೆ, ದಿನಗಳೆದಂತೆ ಚೌಕದ ಮಧ್ಯದಲ್ಲಿ ನೀರು ಇಂಗದ ಜಾಗ ಹುಟ್ಟುತ್ತದೆ. ಹನಿ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಸ್ನಾನದ ನಂತರದ ಮೊದಲ ಲಂಗೋಟಿಗೆ ಹಳೆಯ ನಾಲ್ಕೈದು ಚೌಕಗಳನ್ನು ಬೇರೆಯಾಗಿಯೇ ಇಡಿ. ಎಣ್ಣೆ ಒರೆಸಿದ ಟವೆಲ್ಲನ್ನು ಲಂಗೋಟಿಯ ರಾಶಿಗೆ ಸೇರಿಸಬೇಡಿ. ಆಗಲೇ ಎಣ್ಣೆ ಹಿಡಿದಿದ್ದರೆ ಕಾಟನ್ ಚೌಕಗಳನ್ನು ಡಿಟರ್ಜೆಂಟ್, ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ಕಾಲು ಗಂಟೆ ಕುದಿಸಿ ಜಾಲಿಸಿ. ಮೈಕ್ರೋಫೈಬರನ್ನೂ ಕವರನ್ನೂ ಕುದಿಸಬಾರದು.

ವಾಸನೆಯಲ್ಲಿ ಎರಡು ಬಗೆ. ತಂತಿಯಿಂದ ತೆಗೆದಾಗಲೇ ಮುಗ್ಗಲು ನಾತ ಬಂದರೆ ಸರಿಯಾಗಿ ಒಣಗಿಲ್ಲ ಅಥವಾ ಸೋಪು ಸಾಲಲಿಲ್ಲ. ಒಣಗಿದಾಗ ಏನೂ ಇಲ್ಲದೆ, ಮಗು ಉಚ್ಚೆ ಮಾಡಿದ ಕೂಡಲೇ ಕಣ್ಣು ಉರಿಸುವ ಘಾಟು ಬಂದರೆ ಅದು ಅಮೋನಿಯಾ. ನೂಲಿನಲ್ಲಿ ಉಳಿದ ಹಳೇ ಉಚ್ಚೆಯ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದದ್ದು. ರಾತ್ರಿಯ ದಪ್ಪ ಇನ್ಸರ್ಟುಗಳಲ್ಲಿ ಹೆಚ್ಚು. ಬೆಳಗ್ಗೆ ಎದ್ದ ತಕ್ಷಣ ಅವನ್ನು ಜಾಲಿಸಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಅಮೋನಿಯಾ ಚರ್ಮವನ್ನು ಕ್ಷಾರೀಯ ಮಾಡುತ್ತದೆ, ಅಲ್ಲಿ ಕಕ್ಕದಲ್ಲಿರುವ ಕಿಣ್ವಗಳು ಚುರುಕಾಗಿ ಚರ್ಮ ತಿನ್ನುತ್ತವೆ. ಉಚ್ಚೆ ಕಕ್ಕ ಎರಡೂ ಸೇರಿ ನಿಂತಾಗ ರಾಷ್ ಜಾಸ್ತಿಯಾಗುವುದು ಇದಕ್ಕೇ.

ಕೆಂಪಾದದ್ದು ಎಲ್ಲಿ ಎಂದು ನೋಡಿ. ಬಟ್ಟೆ ತಾಗುವ ಉಬ್ಬಿದ ಭಾಗಗಳಲ್ಲಿ ಮಾತ್ರ ಕೆಂಪಾಗಿ, ಮಡಿಕೆಗಳ ಒಳಗೆ ಚೆನ್ನಾಗಿದ್ದರೆ ಒದ್ದೆಯ ಉರಿ; ಬೇಗಬೇಗ ಬದಲಾಯಿಸಿ, ದಿನಕ್ಕೆ ಒಂದೆರಡು ಗಂಟೆ ಬರಿಮೈಯಲ್ಲಿ ಬಿಟ್ಟರೆ ಇಳಿಯುತ್ತದೆ. ಮಡಿಕೆಗಳ ಒಳಗೇ ಗಾಢ ಕೆಂಪು, ಸುತ್ತ ಚಿಕ್ಕಚಿಕ್ಕ ಚುಕ್ಕೆ ಇದ್ದರೆ ಅದು ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ. ಆ ದಿನಗಳಲ್ಲಿ ಕಾಟನ್ ಬಟ್ಟೆಯನ್ನು ಕುದಿಸಿಯೇ ಒಗೆಯಿರಿ. ಝಿಂಕ್ ಕ್ರೀಮು ಹಚ್ಚುವಾಗ ಮೇಲೊಂದು ಸವೆದ ತುಂಡು ಹಾಸಿ. ಕ್ರೀಮು ಹತ್ತಿದ ಚೌಕ ಆಮೇಲೆ ಹೀರುವುದಿಲ್ಲ. ಪೌಡರ್ ಬೇಡ, ಉಸಿರಿನೊಂದಿಗೆ ಎದೆಗೆ ಹೋಗುತ್ತದೆ.

ಒಗೆಯುವವರು ಯಾರು ಎಂಬುದನ್ನೂ ಬಟ್ಟೆ ಕೊಳ್ಳುವ ಮುಂಚೆಯೇ ಮಾತಾಡಿಕೊಳ್ಳಬೇಕು. ಬಾಣಂತನ ತವರಿನಲ್ಲಿ ನಡೆದರೆ ಹದಿನೈದು ಲಂಗೋಟಿ ಸೇರುವುದು ಅಜ್ಜಿಯ ಸೊಂಟಕ್ಕೆ. ಬಾಣಂತಿ ತಣ್ಣೀರು ಮುಟ್ಟಬಾರದು ಎಂಬ ಮಾತಿನ ಹಿಂದೆ ಅವಳಿಗೆ ಬಿಡುವು ಸಿಗಲಿ ಎಂಬ ವಿವೇಕವಿದೆ. ಆ ಬಿಡುವಿನ ಬೆಲೆಯನ್ನು ಮಗುವಿನ ಅಪ್ಪ ತೆರಲಿ. ಜೆಟ್ ಸ್ಪ್ರೇ ಹಿಡಿಯಲು ಯಾವ ವಿದ್ಯೆಯೂ ಬೇಡ. ಕೆಲಸದವರಿಗೆ ಕೊಡುವುದಾದರೆ ಕಕ್ಕ ತೊಳೆದು, ಒಮ್ಮೆ ಜಾಲಿಸಿಯೇ ಕೊಡಬೇಕು, ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ದುಡ್ಡು ಮೊದಲೇ ಮಾತಾಡಬೇಕು. ಯಾರೂ ಇಲ್ಲದ ವಾರದಲ್ಲಿ ರಾತ್ರಿಗೆ ಒಂದು ಬಿಸಾಡುವ ಡಯಾಪರ್ ಹಾಕಿದರೆ ಆಕಾಶ ಬೀಳುವುದಿಲ್ಲ. ಕಾಗದದಲ್ಲಿ ಸುತ್ತಿ, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ ಬೇರೆಯಾಗಿ ಗಾಡಿಯವರ ಕೈಗೆ ಕೊಡಿ. 2016ರ ಘನತ್ಯಾಜ್ಯ ನಿಯಮಗಳೇ ಸುತ್ತಿ ಕೊಡಲು ಹೇಳಿದ್ದವು. ಅದೇ ವರ್ಷ ದೇಶದ ಸ್ವಚ್ಛ ನಗರ ಎಂಬ ಹೆಸರು ಪಡೆದ ಮೈಸೂರಿನಲ್ಲೂ ಕಸ ವಿಂಗಡಿಸುವುದು ಮನುಷ್ಯರ ಕೈಗಳೇ.

ಪರಿಸರದ ಮಾತು ಬಂದದ್ದರಿಂದ ಒಂದು ಅಂಕಿ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಎರಡೂವರೆ ವರ್ಷದ ಬಳಕೆಯ ಲೆಕ್ಕ ಹಾಕಿದಾಗ ಬಿಸಾಡುವ ಡಯಾಪರಿಗೆ ಸುಮಾರು 550 ಕೆ.ಜಿ., ಬಟ್ಟೆಗೆ ಸುಮಾರು 570 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರೆ ಬಂದಿತ್ತು. ಬಟ್ಟೆಯದ್ದೇ ತುಸು ಹೆಚ್ಚು! ಆದರೆ ಹೊರಗೆ ತಂತಿಯಲ್ಲಿ ಒಣಗಿಸಿ, ಮೆಶಿನ್ ತುಂಬ ಹಾಕಿ ಒಗೆದು, ಅವನ್ನೇ ಎರಡನೇ ಮಗುವಿಗೂ ಬಳಸಿದರೆ ಅದು 200 ಕೆ.ಜಿ.ಯಷ್ಟು ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದು ಮೊದಲಿಂದಲೂ ತಂತಿಯ ಮೇಲೆಯೇ. ತಂತಿ ಅಳೆಯಿರಿ ಎಂದದ್ದು ಬರೀ ಜಾಗದ ಲೆಕ್ಕಕ್ಕಲ್ಲ.

ಆರು ತಿಂಗಳಿಗೆ ರಾಗಿ ಸರಿ ಶುರುವಾದ ಮೇಲೆ ಎಲ್ಲ ಬದಲಾಗುತ್ತದೆ. ಕಕ್ಕ ಕಂದು, ಗಟ್ಟಿ. ಟಾಯ್ಲೆಟ್ಟಿಗೆ ಕೊಡವಿದರೆ ಅರ್ಧ ಬಿದ್ದುಹೋಗುತ್ತದೆ, ಆದರೆ ನಾತ ಹೆಚ್ಚು, ಬಿಸಿಲಿಗೆ ಹೋಗದ ಕಲೆಯೂ ಉಳಿಯುತ್ತದೆ. ಬದಲಾವಣೆಗಳು ದಿನಕ್ಕೆ ಏಳೆಂಟಕ್ಕೆ ಇಳಿದರೂ ಒಂದೊಂದು ಸಲದ ಉಚ್ಚೆ ಹೆಚ್ಚು, ಹಾಗಾಗಿ ಒಳಗೆ ಒಂದು ಪದರ ಸೇರಿಸಬೇಕು. ಸೀರೆಯ ಚೌಕ ಆ ಹೊತ್ತಿಗೆ ಚಿಕ್ಕದಾಗಿ ತ್ರಿಕೋನ ಕಟ್ಟಲು ಬರುವುದಿಲ್ಲ. ಪಟ್ಟಿಯಾಗಿ ಮಡಚಿ ಕವರಿನೊಳಗೆ ಇಡಲು ಮಾತ್ರ. ಕವರಿನ ಎಲಾಸ್ಟಿಕ್ ಎಳೆದು ಬಿಟ್ಟಾಗ ಪಟ್ಟನೆ ಹಿಂದಕ್ಕೆ ಬರದಿದ್ದರೆ ಯಾವ ಟೈಲರಾದರೂ ಬದಲಾಯಿಸಿಕೊಡುತ್ತಾರೆ. ಒಳಗಿನ ಪೊರೆ ಬೆಳಕಿಗೆ ಹಿಡಿದಾಗ ಸುಲಿದಂತೆ ಕಂಡರೆ ಆ ಕವರಿನ ಆಯುಸ್ಸು ಮುಗಿಯಿತು. ಚೌಕಗಳದ್ದು ಮುಗಿಯುವುದೇ ಇಲ್ಲ: ನಡುವೆ ಸವೆದವು ಅಡುಗೆಮನೆಗೆ ಬೇಡ, ಕಿಟಕಿ ಸರಳು, ಸ್ಕೂಟರು ಒರೆಸಲು ಇಟ್ಟುಕೊಳ್ಳಿ, ಚೆನ್ನಾಗಿರುವವನ್ನು ಒಂದು ಸಲ ಕುದಿಸಿ ಒಣಗಿಸಿ, ನಾಲ್ಕು ಬೇವಿನೆಲೆ ಹಾಕಿ ಪೆಟ್ಟಿಗೆಯಲ್ಲಿಡಿ. ಮನೆಯಲ್ಲಿ ಮುಂದಿನ ಮಗುವಿಗೆ ಹಳೇ ಬಟ್ಟೆ ಬೇಕಾಗುತ್ತದೆ.